ಕಾಲಿನ ದೋಷವಲ್ಲ ಮೇಷ್ಟ್ರೇ, ಕೊರಳಿನದು!

ಕಳೆದ ಏಪ್ರಿಲ್ ತಿಂಗಳ ಮಾತು. ಬೆಳಿಗ್ಗೆ ಏಳಕ್ಕೇ ಮೈಸೂರಿನಲ್ಲಿ ಬೆವರು ಇಳಿಯುತ್ತಿತ್ತು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನನ್ನ ಹೊಟ್ಟೆಯನ್ನು ಒಂದು ಸುತ್ತು ಹೊತ್ತು ತಂದು ಬೆಂಚಿನ ಮೇಲೆ ಕುಳಿತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬಳು ಹುಡುಗಿ. ಕಾಲಲ್ಲಿ ಓಟದ ಬೂಟು, ಮೈಮೇಲೆ ಉಣ್ಣೆ ಸ್ವೆಟರ್! ಅದರ ಮೇಲೆ ಶಾಲು ಬೇರೆ. ಜ್ವರವೇನಮ್ಮಾ ಅಂತ ಕೇಳಿದೆ. "ಇಲ್ಲ ಅಂಕಲ್, ಚಳಿ" ಅಂದಳು. ದನಿ ಗೊಗ್ಗರು ಗೊಗ್ಗರಾಗಿತ್ತು.

ಏಪ್ರಿಲ್‌ನಲ್ಲಿ ಚಳಿ ಅನ್ನುವ ಹುಡುಗಿಯನ್ನು ನೋಡಿದ ಮೇಲೆ ಪತ್ರಿಕೆಯವನಿಗೆ ಸುಮ್ಮನಿರಲು ಆಗುತ್ತದೆಯೇ? ವಿಚಾರಿಸಿದೆ. ಹುಣಸೂರು ಕಡೆಯ ಮಗು. ಅಪ್ಪ ಹೊಗೆಸೊಪ್ಪು ಬೆಳೆಯುವವರು. ಇವಳಿಗೆ ಹತ್ತೊಂಬತ್ತು ವರ್ಷ, ಇಲ್ಲಿನ ಒಂದು ಕಾಲೇಜಿನಲ್ಲಿ ಓದು, ಓಟ ಸಾವಿರದ ಐನೂರು ಮೀಟರ್. ಹೋದ ವರ್ಷ ನಾಲ್ಕು ನಿಮಿಷ ಐವತ್ತೆರಡು ಸೆಕೆಂಡಿಗೆ ಮುಗಿಸುತ್ತಿದ್ದವಳು ಆಗ ಐದು ನಿಮಿಷ ಇಪ್ಪತ್ತಕ್ಕೂ ಏದುಸಿರು ಬಿಡುತ್ತಿದ್ದಳು. ಊಟ ಹೆಚ್ಚಾಗಿಲ್ಲ, ಆದರೂ ತೂಕ ಮೂರು ಕಿಲೋ ಏರಿತ್ತು. ಓಡಿದ ಮಾರನೇ ದಿನ ತೊಡೆ, ಮೀನಖಂಡ ಹಿಡಿದುಕೊಂಡು ಮೆಟ್ಟಿಲು ಇಳಿಯಲಾಗದಷ್ಟು ನೋವು. ತರಗತಿಯಲ್ಲಿ ಕೂತರೆ ನಿದ್ದೆ.

ಕಾಲೇಜಿನ ಕ್ರೀಡಾ ಮೇಷ್ಟ್ರು ತೀರ್ಪು ಕೊಟ್ಟಾಗಿತ್ತು. "ಈ ಹುಡುಗಿಗೆ ಓಟದ ಮೇಲೆ ಗಮನವಿಲ್ಲ, ಮೊಬೈಲ್ ಮೇಲೆ ಇದೆ." ತಂಡದ ಪಟ್ಟಿಯಿಂದ ಹೆಸರು ತೆಗೆಯುವ ಮಾತು ನಡೆದಿತ್ತು. ತಂಡದಿಂದ ಹೋದರೆ ಹಾಸ್ಟೆಲ್ ರಿಯಾಯಿತಿಯೂ ಹೋಯಿತು. ಹಾಸ್ಟೆಲ್ ಹೋದರೆ ಹುಣಸೂರಿನ ಬಸ್ಸು, ಅದಾದ ಮೇಲೆ ಮದುವೆ ಮಾತು. ಹೆಸರು, ಕಾಲೇಜು ಇಲ್ಲಿ ಬೇಡ. ಮೇಷ್ಟ್ರು ಕೆಟ್ಟವರಲ್ಲ. ಗೊತ್ತಿರಲಿಲ್ಲ, ಅಷ್ಟೇ. ನನಗಾದರೂ ಗೊತ್ತಿದ್ದದ್ದು ಯಾಕೆ? ನನ್ನ ಮನೆಯಾಕೆ ಹನ್ನೊಂದು ವರ್ಷದಿಂದ ಬೆಳಿಗ್ಗೆ ಎದ್ದ ಕೂಡಲೇ ಒಂದು ಪುಟ್ಟ ಮಾತ್ರೆ ನುಂಗುತ್ತಾಳೆ. ಆ ಮಾತ್ರೆಗೆ ಮುಂಚಿನ ವರ್ಷ ಅವಳೂ ಹೀಗೇ ಬೇಸಿಗೆಯಲ್ಲಿ ಫ್ಯಾನ್ ಆರಿಸಿ ನನ್ನೊಂದಿಗೆ ಜಗಳಕ್ಕೆ ಬೀಳುತ್ತಿದ್ದಳು!

"ನಾಡಿ ನೋಡಿಸಿದ್ದೀಯಾ?" ಅಂತ ಕೇಳಿದೆ. ಹುಡುಗಿ ಸ್ವಲ್ಪ ಜಂಬದಿಂದಲೇ ಹೇಳಿದಳು, "ನಲವತ್ತನಾಲ್ಕು. ಮೇಷ್ಟ್ರು ಅದನ್ನೊಂದು ಮಾತ್ರ ಹೊಗಳ್ತಾರೆ. ಓಟಗಾರರ ಹೃದಯ ಅಂತೆ."

ಎಡವಟ್ಟಾಗುವುದು ಇಲ್ಲೇ ನೋಡಿ. ಚೆನ್ನಾಗಿ ಪಳಗಿದ ಓಟಗಾರರ ನಾಡಿ ನಿಧಾನವಾಗಿರುವುದು ಸಹಜ. ಥೈರಾಯ್ಡ್ ಗ್ರಂಥಿ ಸೋಮಾರಿಯಾದಾಗಲೂ ನಾಡಿ ನಿಧಾನ. ಓಟಗಾರರಿಗೆ ಮೈಕೈ ನೋವು ಸಹಜ, ಥೈರಾಯ್ಡಿನಲ್ಲೂ ಮೈಕೈ ನೋವು. ಓಟಗಾರರಿಗೆ ಸುಸ್ತು ದಿನದ ಪಾಡು, ಥೈರಾಯ್ಡಿನಲ್ಲೂ ಸುಸ್ತೇ ಮೊದಲ ದೂರು. ಕಾಯಿಲೆ ಕ್ರೀಡೆಯ ಅಂಗಿ ತೊಟ್ಟುಕೊಂಡು ಮೈದಾನಕ್ಕೆ ಬಂದರೆ ಮೇಷ್ಟ್ರು ಪಾಪ ಹೇಗೆ ಗುರುತು ಹಿಡಿದಾರು!

ಕೊರಳಿನ ಮುಂಭಾಗದಲ್ಲಿ, ಗಂಡಸರಿಗೆ ಎದ್ದು ಕಾಣುವ ಗಂಟಲ ಉಬ್ಬಿನ ಸ್ವಲ್ಪ ಕೆಳಗೆ, ಚಿಟ್ಟೆಯಂತೆ ಎರಡು ರೆಕ್ಕೆ ಚಾಚಿ ಕೂತಿರುವ ಗ್ರಂಥಿ ಇದು. ಇಪ್ಪತ್ತು ಗ್ರಾಮಿನ ಆಸುಪಾಸು ತೂಕ. ಅಯೊಡಿನ್ ಹೀರಿಕೊಂಡು ಟಿ4, ಟಿ3 ಎಂಬ ಎರಡು ರಸ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಮೈಯ ಒಲೆಯ ಉರಿ ಎಷ್ಟಿರಬೇಕು ಅನ್ನುವುದನ್ನು ಈ ರಸ ತೀರ್ಮಾನಿಸುತ್ತದೆ. ಇದರ ಮೇಲೆ ಮೇಸ್ತ್ರಿಗಿರಿ ಮಾಡುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ. ರಸ ಕಡಿಮೆಯಾದರೆ ಅದು ಟಿಎಸ್‌ಎಚ್ ಎಂಬ ಆಜ್ಞೆಯನ್ನು ಜಾಸ್ತಿ ಕಳಿಸುತ್ತದೆ. ಆದ್ದರಿಂದಲೇ ಲ್ಯಾಬಿನ ಚೀಟಿಯಲ್ಲಿ ಟಿಎಸ್‌ಎಚ್ ಏರಿದ್ದರೆ ಗ್ರಂಥಿ ಸೋಮಾರಿ, ಇಳಿದಿದ್ದರೆ ಗ್ರಂಥಿ ಅತಿ ಉತ್ಸಾಹಿ. ಸಾಮಾನ್ಯವಾಗಿ 0.4ರಿಂದ 4ರ ಆಸುಪಾಸು ಇರಬೇಕು. ಸ್ವೆಟರ್ ಹುಡುಗಿಗೆ ಬಂದದ್ದು 68!

ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಚೀಟಿ ನೋಡಿ, "ಇಷ್ಟಿಟ್ಟುಕೊಂಡು ಓಡ್ತಿದ್ದೀಯಲ್ಲೇ ಮಗು, ನಾನಾಗಿದ್ರೆ ಹಾಸಿಗೆ ಬಿಟ್ಟು ಏಳ್ತಿರಲಿಲ್ಲ" ಅಂದರಂತೆ. ಮತ್ತೊಂದು ಪರೀಕ್ಷೆಯಲ್ಲಿ ಕಾರಣವೂ ತಿಳಿಯಿತು. ಹಾಶಿಮೊಟೊ ಎಂಬ ಜಪಾನಿ ವೈದ್ಯರು 1912ರಲ್ಲಿ ವಿವರಿಸಿದ ಕಾಯಿಲೆ ಅದು. ಮೈಯ ರಕ್ಷಣಾ ಪಡೆಯೇ ತಪ್ಪು ತಿಳಿದು ಸ್ವಂತ ಗ್ರಂಥಿಯ ಮೇಲೆ ದಾಳಿ ಮಾಡುವುದು. ಹೆಂಗಸರಲ್ಲೇ ಹೆಚ್ಚು. ಇದು ಓಟದಿಂದ ಬರುವುದಿಲ್ಲ, ಓಟ ಬಿಟ್ಟರೆ ಹೋಗುವುದೂ ಇಲ್ಲ.

ಅಪ್ಪ ಹುಣಸೂರಿನಿಂದ ಓಡಿ ಬಂದರು. ಆಸ್ಪತ್ರೆ ಜಗಲಿಯಲ್ಲಿ ನನ್ನ ಕೈ ಹಿಡಿದುಕೊಂಡು ಕೇಳಿದ್ದು ಒಂದೇ ಮಾತು. "ಇನ್ ಮ್ಯಾಕೆ ಓಡಂಗಿಲ್ವಾ ಸಾ ನಮ್ ಮಗ?"

ಆ ಪ್ರಶ್ನೆಗೆ ಉತ್ತರವಾಗಿ ನಾನು ಅವರಿಗೆ ಹೇಳಿದ ಕಥೆಯನ್ನೇ ಓದುಗರಿಗೂ ಹೇಳುತ್ತೇನೆ.

ಅಮೆರಿಕದಲ್ಲಿ ಗೇಲ್ ಡೀವರ್ಸ್ ಅಂತ ಒಬ್ಬ ಓಟಗಾರ್ತಿ. ಉದ್ದುದ್ದ ಉಗುರಿಗೆ ಬಣ್ಣ ಹಚ್ಚಿಕೊಂಡು ಓಡುತ್ತಿದ್ದವರು, ಹಳಬರಿಗೆ ಟಿ.ವಿ.ಯಲ್ಲಿ ನೋಡಿದ ನೆನಪಿರಬಹುದು. 1988ರಲ್ಲಿ ನೂರು ಮೀಟರ್ ಹರ್ಡಲ್ಸ್‌ನಲ್ಲಿ ಅಮೆರಿಕದ ದಾಖಲೆ ಮಾಡಿ ಸೋಲ್ ಒಲಿಂಪಿಕ್ಸ್‌ಗೆ ಹೋದರು. ಅಲ್ಲಿ ಸೆಮಿಫೈನಲ್ ದಾಟಲಿಲ್ಲ. ಆಮೇಲೆ ತಲೆನೋವು, ಕೂದಲು ಉದುರುವುದು, ಕಣ್ಣು ಮಂಜು, ನಿಲ್ಲದ ಮುಟ್ಟು, ತೂಕದ ಏರಿಳಿತ. ಡಾಕ್ಟರಿಂದ ಡಾಕ್ಟರಿಗೆ ಅಲೆದು, 1990ರಲ್ಲಿ ಕೊನೆಗೂ ಹೆಸರು ಸಿಕ್ಕಿತು. ಅದು ಗ್ರೇವ್ಸ್ ಕಾಯಿಲೆ. ನಮ್ಮ ಹುಡುಗಿಯದಕ್ಕೆ ತದ್ವಿರುದ್ಧ, ಅಂದರೆ ಗ್ರಂಥಿ ಹದ್ದು ಮೀರಿ ರಸ ಸುರಿಸುವುದು. ಎರಡು ವರ್ಷ ಬೇಕಾಯಿತು ಸ್ವಾಮಿ ಹೆಸರು ಸಿಗಲು, ಅದೂ ಅಮೆರಿಕದಲ್ಲಿ!

ಒಂದು ಔಷಧಿ ನಿಷೇಧಿತ ಪಟ್ಟಿಯಲ್ಲಿದೆ ಅಂತ ಡೀವರ್ಸ್ ಅದನ್ನು ತೆಗೆದುಕೊಳ್ಳಲು ಒಪ್ಪಲಿಲ್ಲ. ವಿಕಿರಣ ಚಿಕಿತ್ಸೆ ಆಯಿತು. ಅದಾದ ಮೇಲೆ ಪಾದಗಳು ಊದಿ, ಬಿರಿದು, ರಕ್ತ ಬಂದು, ನಡೆಯಲೂ ಆಗದ ಸ್ಥಿತಿ. 1991ರಲ್ಲಿ ಪಾದವನ್ನೇ ಕತ್ತರಿಸುವ ಮಾತು ಬಂತು. ಚಿಕಿತ್ಸೆಯ ಕ್ರಮ ಬದಲಿಸಿದ ಮೇಲೆ ಪಾದ ಉಳಿಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಟೋಕಿಯೋ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹರ್ಡಲ್ಸ್ ಬೆಳ್ಳಿ. ಮರುವರ್ಷ ಬಾರ್ಸಿಲೋನಾ. ನೂರು ಮೀಟರ್ ಫೈನಲ್‌ನಲ್ಲಿ ಐವರು ಒಂದು ಸೆಕೆಂಡಿನ ನೂರರಲ್ಲಿ ಆರು ಭಾಗದೊಳಗೆ ಗೆರೆ ಮುಟ್ಟಿದರು. ಫೋಟೋ ನೋಡಿ ಹೇಳಬೇಕಾಯಿತು. 10.82 ಸೆಕೆಂಡ್, ಚಿನ್ನ ಡೀವರ್ಸ್‌ಗೆ! ಕೆಲವು ದಿನದ ನಂತರ ಹರ್ಡಲ್ಸ್‌ನಲ್ಲಿ ಎಲ್ಲರಿಗಿಂತ ಮುಂದಿದ್ದು, ಕಟ್ಟಕಡೆಯ ಹರ್ಡಲಿಗೆ ಕಾಲು ತಾಗಿ ಮುಗ್ಗರಿಸಿ ಐದನೆಯವರಾದರು. 1996ರ ಅಟ್ಲಾಂಟಾದಲ್ಲಿ ಮತ್ತೆ ನೂರು ಮೀಟರ್ ಚಿನ್ನ.

ಹೊಗೆಸೊಪ್ಪಿನ ಯಜಮಾನರು ಎಲ್ಲಾ ಕೇಳಿ, "ಅಂಗಾರೆ ಓಡ್‌ಬೌದು ಅನ್ನಿ" ಅಂದರು. ಕಥೆಯಲ್ಲಿ ಅವರಿಗೆ ಬೇಕಾದದ್ದು ಅಷ್ಟೇ.

ಈಗ ಚಿಕಿತ್ಸೆಯ ವಿಷಯ. ಸೋಮಾರಿ ಗ್ರಂಥಿಗೆ ಉಪಾಯ ಸುಲಭ. ಕಡಿಮೆ ಬಿದ್ದ ರಸವನ್ನು ಮಾತ್ರೆಯಾಗಿ ಕೊಡುವುದು. ಲೆವೊಥೈರಾಕ್ಸಿನ್ ಅಂತ ಹೆಸರು, ದಿನಕ್ಕೆ ಎರಡು ರೂಪಾಯಿ ಆಸುಪಾಸಿನ ಖರ್ಚು. ಗ್ರಂಥಿ ಪೂರಾ ಕೈಕೊಟ್ಟಿದ್ದರೆ ಕಿಲೋ ತೂಕಕ್ಕೆ 1.6 ಮೈಕ್ರೋಗ್ರಾಮಿನ ಲೆಕ್ಕ. 47 ಕಿಲೋದ ನಮ್ಮ ಹುಡುಗಿಗೆ 75 ಮೈಕ್ರೋಗ್ರಾಮಿನಿಂದ ಶುರುವಾಯಿತು. ಸುಲಭ ಅಂದೆ, ಆದರೆ ಅದರಲ್ಲೂ ಕಿರಿಕಿರಿ ಇದೆ. ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಬೇಕು, ಆಮೇಲೆ ಅರ್ಧದಿಂದ ಒಂದು ಗಂಟೆ ಏನೂ ಬೇಡ. ಮೈಸೂರಿನವರಿಗೆ ಇದರಲ್ಲಿ ಕಷ್ಟದ ಭಾಗ ಯಾವುದು ಅಂತ ಬೇರೆ ಹೇಳಬೇಕೆ? ಫಿಲ್ಟರ್ ಕಾಫಿ! ಮಾತ್ರೆಯ ಬೆನ್ನಿಗೇ ಕಾಫಿ ಕುಡಿದರೆ ಔಷಧಿ ಸರಿಯಾಗಿ ಮೈಗೆ ಹತ್ತುವುದಿಲ್ಲ. ಓಡುವ ಹುಡುಗಿಯರಿಗೆ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಕೊಡುವುದು ವಾಡಿಕೆ. ಅವುಗಳಿಗೂ ಇದಕ್ಕೂ ನಾಲ್ಕು ಗಂಟೆ ಅಂತರ ಬೇಕು. ಮೂರನ್ನೂ ಒಂದೇ ಬಾರಿ ಬಾಯಿಗೆ ಹಾಕಿಕೊಂಡು "ಔಷಧಿ ಕೆಲಸ ಮಾಡ್ತಿಲ್ಲ" ಅನ್ನುವವರು ನನ್ನ ಬೀದಿಯಲ್ಲೇ ಇಬ್ಬರಿದ್ದಾರೆ.

ಇನ್ನೊಂದು, ಆತುರ. ನಾಳಿದ್ದು ಆಯ್ಕೆ ಓಟ, ಇವತ್ತು ಮಾತ್ರೆ ಶುರು ಮಾಡಿದರೆ ಏನೂ ಆಗದು. ಈ ಔಷಧಿ ಮೈಯಲ್ಲಿ ಅರ್ಧವಾಗಲು ಒಂದು ವಾರ ಬೇಕು, ಅಂದರೆ ಏರುವುದೂ ಇಳಿಯುವುದೂ ಮೆಲ್ಲಗೆ. ಆರರಿಂದ ಎಂಟು ವಾರಕ್ಕೊಮ್ಮೆ ರಕ್ತ ನೋಡಿ ಪ್ರಮಾಣ ಸರಿಮಾಡುತ್ತಾರೆ. ಅಲ್ಲಿಯವರೆಗೆ ತರಬೇತಿ ಬಿಗಿ ಮಾಡಿದರೆ ಸ್ನಾಯು ಹರಿಯುವುದೇ ಲಾಭ. ರಕ್ತ ಕೊಡುವ ದಿನ ಅವತ್ತಿನ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ತೆಗೆದುಕೊಳ್ಳಿ, ಪ್ರತಿ ಸಲವೂ ಅದೇ ಹೊತ್ತಿಗೆ ಹೋಗಿ. ಕೂದಲು, ಉಗುರಿಗೆ ಒಳ್ಳೆಯದು ಅಂತ ಬಯೊಟಿನ್ ಮಾತ್ರೆ ತಿನ್ನುವವರು ಪರೀಕ್ಷೆಗೆ ಎರಡು ದಿನ ಮೊದಲಾದರೂ ನಿಲ್ಲಿಸಬೇಕು. ಇಲ್ಲದಿದ್ದರೆ ಇಲ್ಲದ ಕಾಯಿಲೆ ಚೀಟಿಯಲ್ಲಿ ಮೂಡುತ್ತದೆ.

ಟಿಎಸ್‌ಎಚ್ ಆರೋ ಏಳೋ ಬಂದ ಮಾತ್ರಕ್ಕೆ ಮಾತ್ರೆ ಹಿಡಿಯಬೇಕು ಅಂತಲೂ ಇಲ್ಲ. ಎರಡು ಮೂರು ತಿಂಗಳು ಬಿಟ್ಟು ಮತ್ತೆ ನೋಡಿದರೆ ಎಷ್ಟೋ ಜನರಿಗೆ ತಾನಾಗಿ ಇಳಿದಿರುತ್ತದೆ. "ಥೈರಾಯ್ಡ್ ಮಾತ್ರೆ ತಿಂದರೆ ಸಣ್ಣ ಆಗ್ತಾರೆ, ಜೋರಾಗಿ ಓಡ್ತಾರೆ" ಎಂಬ ಪಿಸುಮಾತು ಜಿಮ್ಮುಗಳಲ್ಲಿ ಇದೆ. ಗ್ರಂಥಿ ಸರಿಯಿದ್ದವರು ಈ ಮಾತ್ರೆ ತಿಂದರೆ ಎದೆ ಬಡಿತ ತಾಳ ತಪ್ಪುತ್ತದೆ, ಮೂಳೆ ಸವೆಯುತ್ತದೆ, ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಸ್ನಾಯು ಕರಗಿದ ಮೇಲೆ ಓಡುವುದು ಏತರಿಂದ?

ಈ ವಿಚಾರದಲ್ಲಿ ಅಮೆರಿಕದಲ್ಲಿ ದೊಡ್ಡ ಗಲಾಟೆಯೇ ನಡೆದಿದೆ. ಹ್ಯೂಸ್ಟನ್ನಿನ ಒಬ್ಬ ವೈದ್ಯರು ಹೆಸರಾಂತ ಓಟಗಾರರಿಗೆ ಸೋಮಾರಿ ಥೈರಾಯ್ಡ್ ಅಂತ ಚಿಕಿತ್ಸೆ ಕೊಡುತ್ತಿದ್ದಾರೆ ಎಂದು 2013ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಬರೆಯಿತು. ಇಷ್ಟು ಜನ ಆರೋಗ್ಯವಂತರಿಗೆ ಒಟ್ಟಿಗೇ ಅದು ಹೇಗೆ ಬಂತು ಅಂತ ಉಳಿದ ವೈದ್ಯರು ಹುಬ್ಬೇರಿಸಿದರು. ಈ ಔಷಧಿಯನ್ನು ನಿಷೇಧಿಸಿ ಅಂತ ಅಮೆರಿಕ, ಬ್ರಿಟನ್ನಿನ ಉದ್ದೀಪನ ತಡೆ ಸಂಸ್ಥೆಗಳು ಕೇಳಿದ್ದೂ ಉಂಟು. ವಿಶ್ವ ಸಂಸ್ಥೆಯಾದ ವಾಡಾ ಒಪ್ಪಲಿಲ್ಲ. ಆದ್ದರಿಂದ ಡಾಕ್ಟರು ಬರೆದುಕೊಟ್ಟ ಲೆವೊಥೈರಾಕ್ಸಿನ್ ತಿನ್ನುವ ಓಟಗಾರ್ತಿ ಯಾರಿಗೂ ಹೆದರಬೇಕಿಲ್ಲ. ಮೂತ್ರ ಪರೀಕ್ಷೆಗೆ ಬಂದವರ ಫಾರಂನಲ್ಲಿ ಮಾತ್ರೆಯ ಹೆಸರು ಬರೆದರೆ ಸಾಕು. ಹೆದರಬೇಕಾದ್ದು ಬೇರೆಯದಕ್ಕೆ. ಮುಖ ಊದಿದೆ ಅಂತ ಅಂಗಡಿಯಲ್ಲಿ ಕೇಳಿ ನುಂಗುವ ನೀರಿಳಿಸುವ ಮಾತ್ರೆ ಪೂರಾ ನಿಷಿದ್ಧ. ಸಿಕ್ಕಿಬಿದ್ದರೆ ವರ್ಷಗಟ್ಟಲೆ ಮೈದಾನದ ಮುಖ ನೋಡುವಂತಿಲ್ಲ.

ಅತಿ ಉತ್ಸಾಹದ ಗ್ರಂಥಿಯದು ಇನ್ನೂ ಮೋಸದ ವ್ಯವಹಾರ. ಮೊದಲ ತಿಂಗಳು ಎಲ್ಲರೂ ಹೊಗಳುತ್ತಾರೆ! ಹುಡುಗ ತೆಳ್ಳಗಾದ, ಚುರುಕಾದ, ಬೆಳಗಿನ ನಾಲ್ಕಕ್ಕೆ ಎದ್ದು ಕೂರುತ್ತಾನೆ. ಆಮೇಲೆ ಕೈ ನಡುಕ, ಸಿಡುಕು, ತಿಂದಷ್ಟೂ ಇಳಿಯುವ ತೂಕ, ಕೂತಾಗಲೂ ನೂರು ದಾಟುವ ನಾಡಿ. ತೊಡೆಯ ಬಲ ಸೋರಿಹೋಗಿರುತ್ತದೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಓಡಿ ಹತ್ತುತ್ತಿದ್ದವನು ನಂದಿಯವರೆಗೂ ಹೋಗಲಾರ. ಕುಕ್ಕರಗಾಲಲ್ಲಿ ಕೂತರೆ ಕೈ ಊರದೆ ಏಳಲಾರ. ಇವರನ್ನು ಮೈದಾನಕ್ಕೆ ಇಳಿಸಲೇಬಾರದು. ಹೃದಯದ ಲಯವೇ ತಪ್ಪುವ ಅಪಾಯವಿದೆ. ರಸ ಹತೋಟಿಗೆ ಬರುವತನಕ ಓಟ ಬಂದ್.

ಇದಕ್ಕೆ ದಾರಿ ಮೂರು. ಮೊದಲನೆಯದು ಕಾರ್ಬಿಮಜೋಲ್ ಮಾತ್ರೆ. ಒಂದರಿಂದ ಒಂದೂವರೆ ವರ್ಷ ತಿಂದರೆ ಸುಮಾರು ಅರ್ಧದಷ್ಟು ಜನಕ್ಕೆ ವಾಸಿ, ಉಳಿದವರಿಗೆ ಮರುಕಳಿಸುತ್ತದೆ. ಇದನ್ನು ತಿನ್ನುವಾಗ ಗಂಟಲು ನೋವು, ಜ್ವರ ಬಂದರೆ ನೆಗಡಿ ಅಂತ ಸುಮ್ಮನಿರಬಾರದು. ಮಾತ್ರೆ ನಿಲ್ಲಿಸಿ ಅವತ್ತೇ ರಕ್ತಕಣದ ಎಣಿಕೆ ಮಾಡಿಸಬೇಕು. ಅಪರೂಪಕ್ಕೆ ಬಿಳಿ ಕಣ ಕುಸಿದು ಪ್ರಾಣಕ್ಕೆ ಬರುವುದುಂಟು. ಎರಡನೆಯದು ಅಯೊಡಿನ್-131 ಎಂಬ ವಿಕಿರಣದ ಔಷಧಿ. ಅಣುಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಇದ್ದ ಆಸ್ಪತ್ರೆಯಲ್ಲೇ ಆಗಬೇಕು. ಗ್ರಂಥಿ ಅದನ್ನು ಕುಡಿದು ತಾನೇ ಸುಟ್ಟುಕೊಳ್ಳುತ್ತದೆ. ಗರ್ಭಿಣಿಯರಿಗೆ ಸಲ್ಲದು, ಹೆಂಗಸರು ಆಮೇಲೆ ಆರು ತಿಂಗಳು ಗರ್ಭ ಧರಿಸಬಾರದು, ಗ್ರೇವ್ಸ್‌ನಿಂದ ಕಣ್ಣು ಕೆರಳಿದ್ದರೆ ಕಣ್ಣಿಗೆ ಕೇಡು. ಮೂರನೆಯದು ಆಪರೇಷನ್. ಕೊರಳಲ್ಲಿ ದನಿಯ ನರ, ಸುಣ್ಣದ ಅಂಶ ಕಾಯುವ ಪುಟ್ಟ ಗ್ರಂಥಿಗಳು ಅಲ್ಲೇ ಅಂಟಿಕೊಂಡಿರುವುದರಿಂದ ಪಳಗಿದ ಕೈ ಬೇಕು. ಎರಡನೆಯದೂ ಮೂರನೆಯದೂ ಸಾಮಾನ್ಯವಾಗಿ ಒಬ್ಬ ಉತ್ಸಾಹಿಯನ್ನು ಸೋಮಾರಿಯಾಗಿ ಮಾಡಿ ಬಿಡುತ್ತವೆ. ಆಮೇಲೆ ಜೀವನವಿಡೀ ನನ್ನ ಮನೆಯಾಕೆಯ ಮಾತ್ರೆ. ಓಟಗಾರರು ಎಷ್ಟೋ ಸಲ ಇದನ್ನೇ ಆರಿಸುತ್ತಾರೆ, ಯಾಕೆಂದರೆ ಒಂದೂವರೆ ವರ್ಷ ಡೋಲಾಯಮಾನವಾಗಿ ಕೂರುವಷ್ಟು ವಯಸ್ಸು ಅವರ ಕೈಲಿಲ್ಲ.

ಈ ನಡುವೆ ನಡುಕ, ಬಡಿತ ತಗ್ಗಿಸಲು ಪ್ರೊಪ್ರನೊಲಾಲ್ ಕೊಡುತ್ತಾರೆ. ಅದು ಹೃದಯಕ್ಕೆ ಲಗಾಮು; ಅದನ್ನು ತಿಂದು ಓಡಿದರೆ ವೇಗ ಬರುವುದಿಲ್ಲ. ಬಿಲ್ಲುಗಾರಿಕೆ, ಗುರಿ ಹೊಡೆಯುವಂಥ ಕ್ರೀಡೆಗಳಲ್ಲಿ ನಿಷಿದ್ಧ, ಓಟದಲ್ಲಿ ಇಂದಿನ ಪಟ್ಟಿಯಂತೆ ನಿಷೇಧವಿಲ್ಲ.

ಇಷ್ಟೆಲ್ಲ ಬರೆದ ಮೇಲೆ ಡಾಕ್ಟರಮ್ಮ ಹೇಳಿದ ಇನ್ನೊಂದು ಮಾತನ್ನು ಬಿಟ್ಟರೆ ತಪ್ಪಾಗುತ್ತದೆ. ಓಟದ ಹುಡುಗಿಯರಲ್ಲಿ ಟಿಎಸ್‌ಎಚ್ ಸರಿಯಿದ್ದು ಟಿ3 ಮಾತ್ರ ಕೆಳಗಿರುವ ಚೀಟಿಗಳು ಬರುತ್ತವಂತೆ. ಮುಟ್ಟು ನಿಂತಿರುತ್ತದೆ, ಪದೇ ಪದೇ ಮೂಳೆ ಬಿರುಕು. ಇದು ಗ್ರಂಥಿಯ ಕಾಯಿಲೆಯೇ ಅಲ್ಲ. ಹಸಿವು! ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ಓಡಿ ಎರಡು ಇಡ್ಲಿ, ಒಂದು ಲೋಟ ಕಾಫಿಯಲ್ಲಿ ದಿನ ತಳ್ಳಿದರೆ ಮೈ ತಾನೇ ಒಲೆಯ ಉರಿ ತಗ್ಗಿಸಿಕೊಳ್ಳುತ್ತದೆ. ಇದಕ್ಕೆ ಥೈರಾಯ್ಡ್ ಮಾತ್ರೆ ಕೊಟ್ಟರೆ ಗಾಯಕ್ಕೆ ಬರೆ ಹಾಕಿದಂತೆ. ಮುದ್ದೆ, ಅನ್ನ, ಕಾಳುಸಾರು, ಮೊಟ್ಟೆ, ಹಾಲು ಹೊಟ್ಟೆ ತುಂಬ ಬಿದ್ದು, ಓಟ ಕೊಂಚ ತಗ್ಗಿದರೆ ತಿಂಗಳುಗಳಲ್ಲಿ ಸರಿಹೋಗುತ್ತದೆ. "ತೂಕ ಇಳಿಸು, ಟೈಮಿಂಗ್ ಬರುತ್ತೆ" ಎಂಬ ಮಂತ್ರ ಜಪಿಸುವ ತರಬೇತುದಾರರು ಈ ಪ್ಯಾರಾವನ್ನು ಎರಡು ಸಲ ಓದಬೇಕಾಗಿ ವಿನಂತಿ.

ಉಪ್ಪಿನ ಮಾತೂ ಒಂದಿದೆ. ಮಲೆನಾಡು, ಕೊಡಗಿನ ಕಡೆ ಕೊರಳಲ್ಲಿ ಗಳಗಂಡ ಹೊತ್ತ ಹೆಂಗಸರನ್ನು ಹಿಂದಿನವರು ನೋಡಿಯೇ ಇದ್ದಾರೆ. ಮಳೆಗೆ ಮಣ್ಣಿನ ಅಯೊಡಿನ್ ತೊಳೆದುಹೋಗುವ ಸೀಮೆ ಅದು. 1962ರಿಂದ ದೇಶದಲ್ಲಿ ಅದರ ವಿರುದ್ಧ ಕಾರ್ಯಕ್ರಮ ನಡೆಯುತ್ತಾ ಬಂದು ಅಯೊಡಿನ್ ಉಪ್ಪು ಮನೆಮನೆಗೆ ತಲುಪಿತು. ಈಗ ಓಟಗಾರರಿಗೆ ಸೈಂಧವ ಲವಣದ ಶೋಕಿ! ಸಾಮಾನ್ಯವಾಗಿ ಅದಕ್ಕೆ ಅಯೊಡಿನ್ ಬೆರೆಸಿರುವುದಿಲ್ಲ. ಹಾಗಂತ ಕಡಲಪಾಚಿಯ ಮಾತ್ರೆ ತಂದು ಅಯೊಡಿನ್ ಸುರಿದುಕೊಂಡರೂ ಗ್ರಂಥಿ ಕೆಡುತ್ತದೆ. ಅಂಗಡಿಯ ಸಾಮಾನ್ಯ ಉಪ್ಪಿನ ಪೊಟ್ಟಣ ಸಾಕು.

ನಮ್ಮ ಊರಿನ ಕಾಲೇಜುಗಳಿಗೆ, ತರಬೇತಿ ಶಿಬಿರ ನಡೆಸುವವರಿಗೆ ಈ ಅಂಕಣದ ಕೇಳಿಕೆ ಇಷ್ಟೇ. ವರ್ಷದ ಮೊದಲಲ್ಲಿ ಓಟಗಾರರ ಎತ್ತರ, ತೂಕ ಅಳೆದು ಪುಸ್ತಕದಲ್ಲಿ ಬರೆಯುತ್ತೀರಿ. ಬೂಟು, ಬನೀನು, ಉದ್ಘಾಟನೆಯ ಶಾಲು, ಹಾರಕ್ಕೆ ದುಡ್ಡಿರುತ್ತದೆ. ಕಾರಣವಿಲ್ಲದೆ ಟೈಮಿಂಗ್ ಕುಸಿದ ಹುಡುಗ ಹುಡುಗಿಯರ ಹೆಸರು ಹೊಡೆಯುವ ಮೊದಲು ಒಂದು ರಕ್ತಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್, ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್, ಟಿಎಸ್‌ಎಚ್. ರಕ್ತಹೀನತೆ ಸಿಕ್ಕೀತು, ಥೈರಾಯ್ಡ್ ಸಿಕ್ಕೀತು, ಎರಡೂ ಇಲ್ಲದಿದ್ದರೆ ಮೊಬೈಲನ್ನು ಬೈಯುವುದಕ್ಕೆ ಆಗಲೂ ಸಮಯವಿರುತ್ತದೆ.

ನಮ್ಮ ಹುಡುಗಿಯ ಮೇಷ್ಟ್ರು ವಿಷಯ ತಿಳಿದ ಮೇಲೆ ಹೆಸರು ಹೊಡೆಯಲಿಲ್ಲ ಎಂಬುದನ್ನು ಇಲ್ಲಿ ಬರೆಯಲೇಬೇಕು. ಆರು ವಾರ ಬರೀ ನಡಿಗೆ, ಆಮೇಲೆ ಹಗುರ ಓಟ ಅಂತ ತಾವೇ ಪಟ್ಟಿ ಹಾಕಿಕೊಟ್ಟರು. ಟಿಎಸ್‌ಎಚ್ ಮೊದಲು 9ಕ್ಕೆ ಇಳಿಯಿತು, ಮಾತ್ರೆ 88 ಮೈಕ್ರೋಗ್ರಾಮ್ ಆಯಿತು, ಮುಂದಿನ ಸಲ 2.6. ಮಲಬದ್ಧತೆ, ಗೊಗ್ಗರು ದನಿ ಹೋದವು. ತೊಡೆ ನೋವು ಕೊನೆಗೆ ಬಿಟ್ಟಿತು. ನಡುವೆ ಒಮ್ಮೆ ದೊಡ್ಡಮ್ಮ ಯಾರೋ "ಹುಷಾರಾಯ್ತಲ್ಲ, ಇನ್ಯಾಕೆ ಮಾತ್ರೆ" ಅಂದದ್ದಕ್ಕೆ ಹತ್ತು ದಿನ ಬಿಟ್ಟು, ಡಾಕ್ಟರಮ್ಮನಿಂದ ಚೆನ್ನಾಗಿ ಬೈಸಿಕೊಂಡಳು.

ಮೊನ್ನೆ ಭಾನುವಾರ ಓವಲ್ ಮೈದಾನದಲ್ಲಿ ಸಿಕ್ಕಳು. ಸ್ವೆಟರ್ ಇರಲಿಲ್ಲ. ಗಡಿಯಾರವನ್ನು ನನ್ನ ಕೈಗೆ ಕೊಟ್ಟು, "ಅಂಕಲ್, ಸರಿಯಾಗಿ ಒತ್ತಿ, ನೀವು ಲೇಟಾಗಿ ಒತ್ತಿದ್ರೆ ನನ್ನ ಸೆಕೆಂಡ್ ಹೋಗುತ್ತೆ" ಅಂತ ಎಚ್ಚರಿಸಿ ಓಡಿದಳು. ನಾಲ್ಕು ನಿಮಿಷ ಐವತ್ತೆಂಟು ಬಂತು. ಹಳೆಯದಕ್ಕಿಂತ ಇನ್ನೂ ಆರು ಸೆಕೆಂಡ್ ಹಿಂದೆ. ನಾನು ಒತ್ತಿದ್ದೇ ತಡ ಅಂತ ಅವಳ ವಾದ. ಹುಣಸೂರಿನ ಯಜಮಾನರು ಬೇಲಿಯಾಚೆ ಟವಲ್ ಹಿಡಿದು ನಿಂತಿದ್ದರು. ಮುಂದಿನ ರಕ್ತಪರೀಕ್ಷೆ ಯಾವಾಗ ಅಂತ ಕೇಳಿದರೆ ತಾರೀಖು ಅವರಿಗೆ ಬಾಯಿಪಾಠವಾಗಿತ್ತು.